ಚಂದ್ರನಿಗೆ ಹೋಗಿ ಬರಲು ಎರಡು ನೌಕೆಗಳೇಕೆ?

ರಾಮನಗರದ ಬಂಡೆಗಳ ನೆರಳಿನಲ್ಲಿ ಕುಳಿತು ಚಂದ್ರಯಾತ್ರೆಯ ನಕ್ಷೆ ಹಾಕುವುದೆಂದರೆ ಕೇಳಿದವರಿಗೆ ನಗು ಬಂದೀತು. ಆದರೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲವು ಶನಿವಾರಗಳ ಮಧ್ಯಾಹ್ನ ನಡೆದದ್ದು ಇದೇ ಕೆಲಸ. ಕನಕಪುರ, ಮಾಗಡಿ, ಚನ್ನಪಟ್ಟಣಗಳಿಂದ ಬಸ್ಸಿನಲ್ಲಿ ಬರುವ ಏಳೆಂಟು ಮಂದಿ ವಿದ್ಯಾರ್ಥಿಗಳು, ಒಂದು ಹಳೆಯ ಕಂಪ್ಯೂಟರು, ಅದರಲ್ಲಿ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಆಟ. ನಮ್ಮ ಬಂಡವಾಳವೆಲ್ಲ ಇಷ್ಟೇ. 2015ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಈ ಆಟದಲ್ಲಿ ಇಂಧನದ ತೊಟ್ಟಿ, ಇಂಜಿನು, ಇಳಿಯುವ ಕಾಲು ಎಲ್ಲವನ್ನೂ ಆಡುವವನೇ ಆಯ್ದು ಜೋಡಿಸಬೇಕು. ಹಾರಿಸಿದ ಮೇಲೆ ನೌಕೆಯ ದಾರಿಯನ್ನು ನಿರ್ಧರಿಸುವವನು ನ್ಯೂಟನ್.

ಆಟದ ಭೂಮಿಗೆ ಕರ್ಬಿನ್ ಎಂದು ಹೆಸರು. ಅದರ ತ್ರಿಜ್ಯ ಕೇವಲ 600 ಕಿ.ಮೀ.; ಆದರೂ ಮೇಲ್ಮೈಯ ಗುರುತ್ವ ನಮ್ಮ ಭೂಮಿಯದರಷ್ಟೇ. ಹಾಗಾಗಬೇಕಾದರೆ ಅದರ ಸಾಂದ್ರತೆ ಭೂಮಿಯ ಹತ್ತೂವರೆ ಪಟ್ಟು, ಎಂದರೆ ಆಸ್ಮಿಯಂ ಲೋಹದ ಎರಡೂವರೆ ಪಟ್ಟು ಇರಬೇಕು! ಇಂಥ ಲೋಕ ಎಲ್ಲಿಯೂ ಇರಲಾರದು. ಆಟ ಬೇಗ ಮುಗಿಯಲೆಂದು ಮಾಡಿಕೊಂಡ ಈ ಅನುಕೂಲವನ್ನು ಕ್ಷಮಿಸಿದರೆ ಮಿಕ್ಕ ಭೌತಶಾಸ್ತ್ರ ತಕ್ಕಮಟ್ಟಿಗೆ ಪ್ರಾಮಾಣಿಕವಾಗಿಯೇ ಇದೆ.

ಮೊದಲ ಸಲ ನಾವು ಒಂದೇ ನೌಕೆಯನ್ನು ಕಟ್ಟಿದೆವು. ಒಬ್ಬ ಯಾತ್ರಿಕನನ್ನು ಹೊತ್ತು ಅದು ಆಟದ ಚಂದ್ರನ ಮೇಲೆ ಸೊಗಸಾಗಿಯೇ ಇಳಿಯಿತು. ಚಪ್ಪಾಳೆ ಬಿದ್ದ ಬಳಿಕ ಇಂಧನದ ಸೂಚಿಯನ್ನು ನೋಡಿದರೆ, ಮತ್ತೆ ಮೇಲೇಳಲು ಬೇಕಾದುದರ ಅರ್ಧವೂ ಉಳಿದಿರಲಿಲ್ಲ. “ಸಾರ್, ಅವನನ್ನು ಅಲ್ಲೇ ಬಿಟ್ಟುಬಿಡುವುದೆ?” ಎಂದು ಕನಕಪುರದ ಹುಡುಗಿಯೊಬ್ಬಳು ಕೇಳಿದಳು. ಆಟವನ್ನು ಮೊದಲಿನಿಂದ ಆರಂಭಿಸಿದ್ದರೆ ಪ್ರಶ್ನೆ ಮುಗಿಯುತ್ತಿತ್ತು. ಆದರೆ ಯಾರೂ ಅದಕ್ಕೆ ಒಪ್ಪಲಿಲ್ಲ.

ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ನಿಜವಾದ ಚಂದ್ರನ ಅಂಕೆಗಳಿಂದಲೇ ನೋಡೋಣ. ಚಂದ್ರನನ್ನು ತಗ್ಗಿನಲ್ಲಿ ಸುತ್ತುತ್ತಿರುವ ನೌಕೆ ಕೆಳಗಿಳಿಯಲು ತನ್ನ ವೇಗವನ್ನು ಸೆಕೆಂಡಿಗೆ ಸುಮಾರು 1.9 ಕಿ.ಮೀ.ನಷ್ಟು ಬದಲಿಸಬೇಕು, ಮತ್ತೆ ಕಕ್ಷೆಗೇರಲು ಸುಮಾರು 1.85, ಕಕ್ಷೆಯಿಂದ ಭೂಮಿಯ ಕಡೆಗೆ ಹೊರಡಲು ಸುಮಾರು 0.9. ಇಂಜಿನಿನಿಂದ ಹೊರಬೀಳುವ ಅನಿಲದ ವೇಗ ಸೆಕೆಂಡಿಗೆ 3 ಕಿ.ಮೀ. ಎಂದಿಟ್ಟುಕೊಂಡರೆ, ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣದ ಪ್ರಕಾರ ಈ ಮೂರು ಕೆಲಸಗಳಿಗೆ ಮುನ್ನ ನೌಕೆಯ ಭಾರ, ಕೆಲಸ ಮುಗಿದಾಗಿನ ಭಾರದ ಕ್ರಮವಾಗಿ 1.9, 1.85 ಮತ್ತು 1.35 ಪಟ್ಟು ಇರಬೇಕಾಗುತ್ತದೆ. ಉಳಿದುದೆಲ್ಲ ಗುಣಾಕಾರ.

ಭೂಮಿಗೆ ಮರಳಬೇಕಾದ ಭಾಗ, ಎಂದರೆ ಕೋಣೆ, ಉಷ್ಣಕವಚ, ಧುಮುಕುಕೊಡೆ ಮುಂತಾದವು, 2 ಟನ್ನು ಇರಲಿ. ಮರುಪ್ರಯಾಣಕ್ಕೆ ಮುನ್ನ ಅದು 2.7 ಟನ್ನು. ಈ ಎಲ್ಲವನ್ನೂ ನೆಲದಿಂದ ಎತ್ತಬೇಕಾದರೆ 5 ಟನ್ನು. ನೆಲಕ್ಕೆ ಇಳಿಸಬೇಕಾದರೆ 9.5 ಟನ್ನು. ಈಗ ಇದನ್ನೇ ಎರಡು ನೌಕೆಗಳಾಗಿ ಒಡೆಯೋಣ. 2.7 ಟನ್ನಿನ ತಾಯಿನೌಕೆ ಕಕ್ಷೆಯಲ್ಲೇ ಸುತ್ತುತ್ತಿರಲಿ. ಕವಚವಿಲ್ಲದ, ಕೊಡೆಯಿಲ್ಲದ ಒಂದು ಪುಟ್ಟ ನೌಕೆ ಮಾತ್ರ ಕೆಳಗಿಳಿದು, ಮೇಲೆ ಬರುವಾಗ 0.6 ಟನ್ನು ತೂಗಲಿ. ನೆಲದಲ್ಲಿ ಅದರ ಭಾರ 1.1 ಟನ್ನು, ಇಳಿಯುವ ಮುನ್ನ 2.1. ತಾಯಿ ಮರಿ ಎರಡೂ ಸೇರಿ 4.8 ಟನ್ನು. ಅರ್ಧದಷ್ಟು ಭಾರ ಉಳಿಯಿತು!

ಇದರಲ್ಲಿ ಮಾಟವೇನೂ ಇಲ್ಲ. ಬಾವಿಗೆ ಇಳಿಯುವವನು ದಾರಿಬುತ್ತಿಯನ್ನು ಕಟ್ಟೆಯ ಮೇಲಿಟ್ಟೇ ಇಳಿಯುತ್ತಾನೆ; ಹೊತ್ತುಕೊಂಡು ಇಳಿದು, ಹೊತ್ತುಕೊಂಡೇ ಹತ್ತುವುದಿಲ್ಲ. ಚಂದ್ರನ ನೆಲವೂ ಗುರುತ್ವದ ಒಂದು ಬಾವಿಯ ತಳವೇ. ಉಳಿದ ಭಾರದ ಬೆಲೆಯನ್ನೂ ಮರೆಯಬಾರದು. 2023ರ ಜುಲೈ 14ರಂದು 3900 ಕಿಲೋಗ್ರಾಂ ತೂಕದ ಚಂದ್ರಯಾನ-3ನ್ನು ಹೊತ್ತೇರಿದ ರಾಕೆಟ್ಟು ನೆಲ ಬಿಡುವಾಗ ಸುಮಾರು 640 ಟನ್ನು ತೂಗುತ್ತಿತ್ತು. ಅದೂ ಭೂಮಿಯ ಸುತ್ತಣ ಒಂದು ನೀಳವಾದ ಕಕ್ಷೆಗೆ ಸೇರಿಸುವುದಕ್ಕೆ ಮಾತ್ರ.

ಸೋವಿಯತ್ ದೇಶದ ಲೂನಾ-16 1970ರಲ್ಲಿ ಚಂದ್ರನ ನೆಲದಿಂದ ನೇರವಾಗಿ ಭೂಮಿಗೆ ರಾಕೆಟ್ಟು ಹಾರಿಸಿ 101 ಗ್ರಾಂ ಮಣ್ಣನ್ನು ತಂದಿತು. 2020ರ ಡಿಸೆಂಬರಿನಲ್ಲಿ ಚೀನದ ಚಾಂಗ್ಎ-5 ಕಕ್ಷೆಯಲ್ಲಿ ಜೋಡಣೆ ಮಾಡಿಕೊಂಡು 1731 ಗ್ರಾಂ ತಂದಿತು. ಚೀನದ ನೌಕೆ ಹೆಚ್ಚು ಭಾರವಾದುದರಿಂದ ವ್ಯತ್ಯಾಸವೆಲ್ಲ ಜೋಡಣೆಯದೇ ಎನ್ನಲಾಗದು; ಆದರೂ ದಾರಿ ಯಾವುದು ಲಾಭದ್ದೆಂಬುದು ಸ್ಪಷ್ಟ.

ಹಾಗಿದ್ದರೆ ಎಲ್ಲರೂ ಮೊದಲಿನಿಂದಲೂ ಹೀಗೆಯೇ ಏಕೆ ಮಾಡಲಿಲ್ಲ? ಭಯದಿಂದ. ಅಮೆರಿಕದ ಜಾನ್ ಹೂಬೋಲ್ಟ್ 1961ರಲ್ಲಿ ಈ ವಿಧಾನಕ್ಕಾಗಿ ವಾದಿಸಿದಾಗ ಎರಡು ನೌಕೆಗಳು ಆಕಾಶದಲ್ಲಿ ಒಂದನ್ನೊಂದು ಕೂಡಿಕೊಂಡ ಉದಾಹರಣೆ ಒಂದೂ ಇರಲಿಲ್ಲ; ಮೊದಲ ಜೋಡಣೆ ನಡೆದದ್ದು 1966ರಲ್ಲಿ. ಭೂಮಿಯ ಬಳಿ ಜೋಡಣೆ ತಪ್ಪಿದರೆ ಯಾತ್ರಿಕರು ಮನೆಗೆ ಇಳಿದುಬರಬಹುದು. ಚಂದ್ರನ ಬಳಿ ತಪ್ಪಿದರೆ ಪುಟ್ಟ ನೌಕೆಯಲ್ಲಿದ್ದವರಿಗೆ ಬೇರೆ ದಾರಿಯಿಲ್ಲ. ಅರ್ಧ ಭಾರ ಉಳಿಸಿದ ಲೆಕ್ಕದ ಮತ್ತೊಂದು ಬದಿಯಲ್ಲಿ ಬರೆದಿರುವ ಸಾಲ ಇದು. 1962ರಲ್ಲಿ ಹೂಬೋಲ್ಟನ ವಾದಕ್ಕೆ ಮನ್ನಣೆ ದೊರೆಯಿತು. 1969ರಲ್ಲಿ ಮನುಷ್ಯರು ಹಾಗೆಯೇ ಹೋಗಿ ಬಂದರು.

ಜೋಡಣೆ ಏಕೆ ಕಷ್ಟವೆಂಬುದು ನಮ್ಮ ಮಾಗಡಿಯ ಹುಡುಗನಿಗೆ ಆಟದಲ್ಲೇ ಅರ್ಥವಾಯಿತು. ತಾಯಿನೌಕೆ ಮುಂದೆ ಹೋಗುತ್ತಿತ್ತು. ಅವನು ಮೂತಿಯನ್ನು ಅದರ ಕಡೆಗೆ ತಿರುಗಿಸಿ ಇಂಜಿನು ಉರಿಸಿದ. ಸ್ವಲ್ಪ ಹೊತ್ತು ಹತ್ತಿರವಾದಂತೆ ತೋರಿ, ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ಮೊದಲಿಗಿಂತಲೂ ದೂರವಾಗಿತ್ತು. ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಬಸ್ಸಾಗಿದ್ದರೆ ವೇಗ ಹೆಚ್ಚಿಸಿ ಮುಂದಿನದನ್ನು ಹಿಡಿಯಬಹುದು. ಕಕ್ಷೆಯ ನೀತಿ ಬೇರೆ. ವೇಗ ಕೂಡಿಸಿದರೆ ನೌಕೆ ಮೇಲೇರುತ್ತದೆ; ಮೇಲಿನ ಕಕ್ಷೆ ದೊಡ್ಡದು, ಅಲ್ಲಿನ ವೇಗವೂ ಕಡಿಮೆ; ಆದುದರಿಂದ ಹಿಂದೆ ಬೀಳುತ್ತದೆ. ಮುಂದಿರುವುದನ್ನು ಹಿಡಿಯಬೇಕಾದವನು ಮೊದಲು ವೇಗವನ್ನು ತಗ್ಗಿಸಿ ಕೆಳಗಿಳಿಯಬೇಕು!

ಎಷ್ಟು ಇಳಿದರೆ ಎಷ್ಟು ಸಮೀಪಿಸುತ್ತೇವೆ? ಚಂದ್ರನಿಂದ 100 ಕಿ.ಮೀ. ಎತ್ತರದ ವೃತ್ತಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 117.8 ನಿಮಿಷ, 80 ಕಿ.ಮೀ. ಎತ್ತರದಲ್ಲಿ 115.9. ಎರಡು ನಿಮಿಷಕ್ಕೂ ಕಡಿಮೆಯ ಈ ವ್ಯತ್ಯಾಸದಲ್ಲಿ ಕೆಳಗಿನ ನೌಕೆ ಸುತ್ತೊಂದಕ್ಕೆ ಸುಮಾರು 190 ಕಿ.ಮೀ. ಮುಂದೆ ಸರಿಯುತ್ತದೆ. ಎತ್ತರಗಳ ಅಂತರವನ್ನು 3π, ಎಂದರೆ ಸುಮಾರು 9.4ರಿಂದ ಗುಣಿಸಿದರೆ ಈ ಅಂಕೆ ಬರುತ್ತದೆ. ಕೆಪ್ಲರನ ಮೂರನೆಯ ನಿಯಮದಿಂದ ಇದನ್ನು ಪಡೆಯುವುದು ಪದವಿ ತರಗತಿಯವರಿಗೆ ಅರ್ಧ ಗಂಟೆಯ ಕೆಲಸ, ಮಾಡಿ ನೋಡಬಹುದು. ತಾಯಿನೌಕೆ 380 ಕಿ.ಮೀ. ಮುಂದಿದ್ದರೆ 20 ಕಿ.ಮೀ. ಕೆಳಗಿದ್ದು ಎರಡು ಸುತ್ತು ಕಾದರೆ ಸಾಕು. ಇಲ್ಲಿ ಬೇಕಾದುದು ಇಂಧನಕ್ಕಿಂತ ಹೆಚ್ಚಾಗಿ ತಾಳ್ಮೆ.

ನಮ್ಮ ದೇಶ ಈ ವಿದ್ಯೆಯನ್ನು ಕಲಿಯುತ್ತಿರುವ ಕಾಲವಿದು. 2024ರ ಡಿಸೆಂಬರ್ 30ರಂದು ಇಸ್ರೋ ಸಂಸ್ಥೆ ಸುಮಾರು 220 ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳನ್ನು ಹಾರಿಸಿತು. ಸ್ಪೇಡೆಕ್ಸ್ ಎಂಬ ಈ ಪ್ರಯೋಗದಲ್ಲಿ ಅವು 2025ರ ಜನವರಿ 16ರಂದು ಕೂಡಿಕೊಂಡವು. ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುತ್ತಿರುವ ಎರಡು ವಸ್ತುಗಳು ಪರಸ್ಪರ ಮುಟ್ಟುವಾಗ ಇರಬೇಕಾದ ಸಾಪೇಕ್ಷ ವೇಗ ಸೆಕೆಂಡಿಗೆ ಕೆಲವೇ ಮಿಲಿಮೀಟರುಗಳ ಮಟ್ಟದ್ದು. ಚನ್ನಪಟ್ಟಣದ ಮರದ ರೈಲುಗಾಡಿಯ ಡಬ್ಬಿಗಳನ್ನು ಮಗು ಇದಕ್ಕಿಂತ ಒರಟಾಗಿ ಸಿಕ್ಕಿಸುತ್ತದೆ.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದ ಚಂದ್ರಯಾನ-4ರ ನಕ್ಷೆಯಲ್ಲಿ ಈ ಜೋಡಣೆ ಎರಡು ಸಲ ಬರುತ್ತದೆ. ಐದು ಭಾಗಗಳನ್ನು ಎರಡು ರಾಕೆಟ್ಟುಗಳಲ್ಲಿ ಕಳುಹಿಸಿ ಭೂಮಿಯ ಕಕ್ಷೆಯಲ್ಲಿ ಕೂಡಿಸುವುದು ಒಂದು. ಚಂದ್ರನ ಕಲ್ಲುಮಣ್ಣನ್ನು ಹೊತ್ತು ಮೇಲೆದ್ದ ಭಾಗ ಕಕ್ಷೆಯಲ್ಲಿ ಕಾಯುತ್ತಿರುವ ನೌಕೆಯನ್ನು ಸೇರುವುದು ಇನ್ನೊಂದು. ಬಿಡದಿಗೆ ಅನತಿದೂರದ ಬ್ಯಾಲಾಳಿನಲ್ಲಿ 2008ರಿಂದ ಆಕಾಶಕ್ಕೆ ಕಿವಿಗೊಟ್ಟಿರುವ 32 ಮೀಟರ್ ವ್ಯಾಸದ ಬಟ್ಟಲು, ಹಿಂದಿನ ಚಂದ್ರಯಾನಗಳ ದನಿಯನ್ನು ಕೇಳಿದೆ. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಚಂದ್ರನ ಎತ್ತರದ ಸೀಮೆಗಳ ಕಲ್ಲು 400 ಕೋಟಿ ವರ್ಷಗಳನ್ನೂ ಮೀರಿದ್ದು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಆಸೆ ನಮಗೂ ಇದೆ.

ಇನ್ನು ನಮ್ಮ ಯಾತ್ರಿಕನ ವಿಷಯ. ಮೂರನೆಯ ಶನಿವಾರ ಆಳಿಲ್ಲದ ಒಂದು ಪುಟ್ಟ ನೌಕೆಯನ್ನು ಅವನಿಂದ 3 ಕಿ.ಮೀ. ದೂರದಲ್ಲಿ ಇಳಿಸಿದೆವು, ಅವನು ನಡೆದು ಬಂದು ಏರಿದ. ಮಾಗಡಿಯ ಹುಡುಗ ಈ ಸಲ ತಾಯಿನೌಕೆಯ ಕಡೆಗೆ ಇಂಜಿನು ಉರಿಸಲಿಲ್ಲ. ಕೆಳಗಿನ ಕಕ್ಷೆಯಲ್ಲಿ ಮೂರು ಸುತ್ತು ಸುಮ್ಮನೆ ಕುಳಿತ. ಕೊನೆಯ ಬಸ್ಸಿಗೆ ಹೊತ್ತಾಗುತ್ತಿದ್ದರೂ ಯಾರೂ ಏಳಲಿಲ್ಲ. ಎರಡೂ ನೌಕೆಗಳು ಕೂಡಿಕೊಂಡಾಗ ಪುಟ್ಟ ನೌಕೆಯ ತೊಟ್ಟಿಯಲ್ಲಿ ನೂರರಲ್ಲಿ ನಾಲ್ಕು ಪಾಲು ಇಂಧನ ಉಳಿದಿತ್ತು.