ಹತ್ತಕ್ಕೆ ಆರು ಅಂಕದ ಖಾನಾವಳಿ

ಕೋಚಿಂಗ್, ಪರೀಕ್ಷೆ, ಸಂದರ್ಶನ ಎಂದು ಯಾದಗಿರಿ, ಶಹಾಪುರ, ಸುರಪುರ ಸುತ್ತುವ ನಾನು ಖಾನಾವಳಿಗಳಿಗೆ ಡೈರಿಯಲ್ಲಿ ಅಂಕ ಕೊಡುತ್ತಿದ್ದೆ. ಜೋಳದ ರೊಟ್ಟಿಗೆ ಐದು, ಎಣ್ಣೆಗಾಯಿ ಪಲ್ಯಕ್ಕೆ ಮೂರು, ಶೇಂಗಾ ಹಿಂಡಿಗೆ ಎರಡು.

ಯಾದಗಿರಿ ರೈಲು ನಿಲ್ದಾಣದ ಬಳಿ ಊಟ ಬೇಗ ಬರುತ್ತದೆ. ಏಳಿಸುವ ಅವಸರವೂ ಅಷ್ಟೇ. ಎಂಟು ಅಂಕ. ಮಲಗಿದ ಬುದ್ಧನ ಬೆಟ್ಟದ ಶಹಾಪುರದಲ್ಲಿ ರೊಟ್ಟಿ ಹೆಂಚಿನಿಂದ ನೇರ ತಾಟಿಗೆ. ಒಂಬತ್ತು. ಸುರಪುರದ ಪುಟ್ಟ ಖಾನಾವಳಿಯಲ್ಲಿ ಪಲ್ಯ ಸಪ್ಪೆ. ಆರೇ.

ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲದ ದಿನ ಸುರಪುರದಲ್ಲಿದ್ದೆ. ಜೇಬಿನಲ್ಲಿ ಬಸ್ ಚಾರ್ಜ್ ಅಷ್ಟೇ. "ಒಂದು ರೊಟ್ಟಿ ಸಾಕು" ಎಂದೆ. ಬಡಿಸುವ ಅವ್ವ ಮುಖ ನೋಡಿ ತಾಟು ತುಂಬಿಸಿದರು. "ಉಣ್ಣೋ ತಮ್ಮಾ, ರೊಕ್ಕ ನೌಕರಿ ಹತ್ತಿದ ಮ್ಯಾಲ ಕೊಡುವಿಯಂತ."

ಇದಕ್ಕೆ ನನ್ನ ಡೈರಿಯಲ್ಲಿ ಕಾಲಂ ಇರಲಿಲ್ಲ. ಅಂಕ ಕೊಡುವುದನ್ನು ಅಂದೇ ಬಿಟ್ಟೆ. ಓದು ಬಿಟ್ಟಿಲ್ಲ, ಒಂದು ಊಟದ ಬಾಕಿ ಇದೆ.