ಹೆಪಟೈಟಿಸ್ ‘ಸಿ’: ಅರ್ಧ ಗೆಲುವು ರೋಗಿಯ ಕೈಯಲ್ಲಿ

ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಕಾಮಾಲೆ ಎಂದೊಡನೆ ನಾಟಿ ಔಷಧಿ, ಪಥ್ಯ ನೆನಪಾಗುವುದು ಸಹಜ. ಆದರೆ ಹೆಪಟೈಟಿಸ್ ‘ಸಿ’ ಅನೇಕರಲ್ಲಿ ಕಣ್ಣು ಹಳದಿ ಮಾಡದೆಯೇ ಇಪ್ಪತ್ತು, ಮೂವತ್ತು ವರ್ಷ ಯಕೃತ್ತನ್ನು ಕೆಡಿಸುತ್ತಾ ಹೋಗುತ್ತದೆ. 1989ರಲ್ಲಿ ಪತ್ತೆಯಾದ ಈ ವೈರಸ್ ಹರಡುವುದು ಮುಖ್ಯವಾಗಿ ರಕ್ತದ ಮೂಲಕ. ಒಟ್ಟಿಗೆ ಕುಳಿತು ಊಟ ಮಾಡುವುದರಿಂದ ಅಲ್ಲ.

ಹಿಂದೆ ಇದಕ್ಕೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು 24ರಿಂದ 48 ವಾರ ಕೊಡುತ್ತಿದ್ದರು. ಜ್ವರ, ಸುಸ್ತು, ಖಿನ್ನತೆ ಕಾಡುತ್ತಿದ್ದವು. ರೋಗಿಯ ವಯಸ್ಸು, ತೂಕ, ವೈರಸ್‌ನ ತಳಿ, ಹುಟ್ಟಿನಿಂದ ಬಂದ ವಂಶವಾಹಿ ಇವೆಲ್ಲ ಫಲಿತಾಂಶವನ್ನು ನಿರ್ಧರಿಸುತ್ತಿದ್ದವು. ಕೆಲವು ತಳಿಗಳಲ್ಲಿ ಅರ್ಧದಷ್ಟು ಮಂದಿ ಮಾತ್ರ ಗುಣವಾಗುತ್ತಿದ್ದರು.

ಈಗ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್‌ನಂಥ ಮಾತ್ರೆಗಳಿವೆ. ಸಾಮಾನ್ಯವಾಗಿ 12 ವಾರ ಸೇವಿಸಿದರೆ ನೂರರಲ್ಲಿ ಸುಮಾರು 95 ಮಂದಿ ಗುಣವಾಗುತ್ತಾರೆ. ವಯಸ್ಸು, ತೂಕ ಈಗ ಅಷ್ಟು ದೊಡ್ಡ ಅಡ್ಡಿಯಲ್ಲ. ಉಳಿದಿರುವುದು ಹೆಚ್ಚಾಗಿ ನಮ್ಮ ಕೈಯಲ್ಲಿರುವ ಸಂಗತಿಗಳು:

* ಬೇಗ ಪರೀಕ್ಷೆ ಮಾಡಿಸಿ. ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಔಷಧಿ ಬೇರೆಯಾಗಬಹುದು, ಅವಧಿ ಹೆಚ್ಚಬಹುದು. ಹಿಂದೆಂದೋ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಉದಾಸೀನ ಮಾಡಬಾರದು.

* ಮಾತ್ರೆ ತಪ್ಪಿಸಬೇಡಿ. ಬೆಳಗಿನ ಕಾಫಿಯಂತೆ ದಿನವೂ ಒಂದೇ ಹೊತ್ತಿಗೆ ನುಂಗಿ. ‘ಈಗ ಚೆನ್ನಾಗಿದ್ದೇನೆ’ ಎಂದು ನಡುವೆ ನಿಲ್ಲಿಸಿದರೆ ವೈರಸ್ ಮತ್ತೆ ತಲೆಯೆತ್ತಬಹುದು.

* ಬೇರೆ ಔಷಧಿಗಳನ್ನು ವೈದ್ಯರಿಂದ ಮುಚ್ಚಿಡಬೇಡಿ. ಮೂರ್ಛೆರೋಗ, ಕ್ಷಯ, ಹೃದಯದ ಬಡಿತಕ್ಕೆ ಕೊಡುವ ಕೆಲವು ಔಷಧಿಗಳು ಇವುಗಳೊಂದಿಗೆ ಹೊಂದುವುದಿಲ್ಲ. ನಾಟಿ ಔಷಧಿಯನ್ನೂ ತಿಳಿಸಿ. ಹೆಪಟೈಟಿಸ್ ‘ಬಿ’ ಪರೀಕ್ಷೆಯೂ ಮೊದಲೇ ಆಗಿರಬೇಕು.

* ಮದ್ಯ ಬಿಡಿ. ವೈರಸ್ ಹೋದರೂ ಕುಡಿತ ಯಕೃತ್ತನ್ನು ಉಳಿಸದು.

* ಮಾತ್ರೆ ಮುಗಿದ 12 ವಾರಗಳ ನಂತರ ರಕ್ತ ಪರೀಕ್ಷೆ ಮಾಡಿಸಿ. ಆಗ ವೈರಸ್ ಕಾಣದಿದ್ದರೆ ಗುಣವಾದಂತೆ. ಸಿರೋಸಿಸ್ ಇದ್ದವರು ಆಮೇಲೂ ತಪಾಸಣೆಗೆ ಹೋಗುತ್ತಿರಬೇಕು.

ಒಮ್ಮೆ ಗುಣವಾದವರಿಗೂ ಸೋಂಕು ಮತ್ತೆ ತಗಲಬಹುದು, ಇದಕ್ಕೆ ಲಸಿಕೆಯಿಲ್ಲ. ಆದುದರಿಂದ ಇನ್ನೊಬ್ಬರ ಕ್ಷೌರದ ಬ್ಲೇಡು, ಬಳಸಿದ ಸೂಜಿ ಬೇಡ.

ಖರ್ಚಿಗೆ ಹೆದರಬೇಕಾಗಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಉಚಿತ. ಮಲ್ಲೇಶ್ವರಂನ ಕೆ.ಸಿ. ಜನರಲ್ ಅಥವಾ ಚಾಮರಾಜಪೇಟೆಗೆ ಸಮೀಪದ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಇಂಟರ್‌ಫೆರಾನ್ ಕಾಲದ ಕಷ್ಟ ಕಂಡು ಚಿಕಿತ್ಸೆಯೇ ಬೇಡವೆಂದ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಮತ್ತೊಮ್ಮೆ ವೈದ್ಯರ ಬಳಿಗೆ ಕರೆದೊಯ್ಯಿರಿ.