ಹೆಂಗಸರು ಪ್ರವಾದನೆ ಹೇಳಬಹುದೇ? ತಪ್ಪು ಕಲ್ಪನೆ ಮತ್ತು ವಾಸ್ತವ

ಸಹೋದರಿಯರ ಕೂಟದಲ್ಲಿ ಒಬ್ಬಾಕೆ ಎದ್ದು, ದೇವರು ತನ್ನ ಮನಸ್ಸಿಗೆ ತಂದ ಮಾತು ಇದು ಎಂದು ಹೇಳಿದರೆ ಯಾರದೂ ತಕರಾರಿಲ್ಲ. ಅದೇ ಮಾತನ್ನು ಭಾನುವಾರದ ಆರಾಧನೆಯಲ್ಲಿ, ಗಂಡಸರೂ ಕೂತಿರುವಾಗ ಹೇಳಿದರೆ ಹಿಂದಿನ ಸಾಲಿನಲ್ಲಿ ಗುಸುಗುಸು ಶುರು. ಒಬ್ಬರು ಪೌಲನ ಒಂದು ವಚನ ತೆಗೆಯುತ್ತಾರೆ, ಇನ್ನೊಬ್ಬರು ಹವ್ವಳನ್ನು ಎಳೆದು ತರುತ್ತಾರೆ. ಕಥೋಲಿಕ, ಸಿಎಸ್‌ಐ, ಮೆಥಡಿಸ್ಟ್, ಪೆಂತೆಕೋಸ್ತ್ ಸಭೆಗಳಲ್ಲಿ ಈ ಬಗ್ಗೆ ಒಂದೇ ನಿಲುವಿಲ್ಲ, ಇರಲೇಬೇಕೆಂದೂ ಇಲ್ಲ. ಆದರೆ ವಾದದ ಅರ್ಧದಷ್ಟು ಓದಿ ಬಂದದ್ದಲ್ಲ, ಅವರಿವರಿಂದ ಕೇಳಿ ಬಂದದ್ದು. ನಾವೂ ಅದನ್ನೇ ಕೇಳಿಕೊಂಡು ಬೆಳೆದವರು. ಒಂದೊಂದನ್ನಾಗಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಪ್ರವಾದನೆ ಎಂದರೆ ಮುಂದಾಗುವುದನ್ನು ಹೇಳುವುದು. ಯಾರಿಗೆ ಮದುವೆ, ಯಾರಿಗೆ ವೀಸಾ, ಯಾರಿಗೆ ಮಗು ಎಂದು ತಿಳಿಸುವುದು.

ವಾಸ್ತವ: ಇದು ಭವಿಷ್ಯ ಕೇಳುವ ನಮ್ಮ ಹಳೆಯ ಚಟ, ಪ್ರವಾದನೆಯಲ್ಲ. ಪ್ರವಾದನೆಯಿಂದ ಆಗಬೇಕಾದ ಮೂರು ಕೆಲಸಗಳನ್ನು ಪೌಲ 1 ಕೊರಿಂಥ 14ನೇ ಅಧ್ಯಾಯದ 3ನೇ ವಚನದಲ್ಲಿ ಹೇಳುತ್ತಾನೆ: ಕೇಳುವವರ ಭಕ್ತಿ ಬೆಳೆಯಬೇಕು, ಅವರಿಗೆ ಧೈರ್ಯ ಬರಬೇಕು, ಸಾಂತ್ವನ ಸಿಗಬೇಕು. ಹಳೆಯ ಒಡಂಬಡಿಕೆಯ ಪ್ರವಾದಿಗಳೂ ಹೆಚ್ಚಾಗಿ ಮಾತಾಡಿದ್ದು ತಮ್ಮ ಕಾಲದ ಅನ್ಯಾಯದ ಬಗ್ಗೆ, ಕಳ್ಳ ತಕ್ಕಡಿ ಹಿಡಿದವರ ಬಗ್ಗೆ, ಬಡವರ ಹೊಲ ಕಸಿದವರ ಬಗ್ಗೆ. ಮುಂದಾಗುವುದರ ಸೂಚನೆ ಇಲ್ಲವೆಂದಲ್ಲ. ಅಗಬನೆಂಬ ಪ್ರವಾದಿ ಬರಗಾಲ ಬರುವುದೆಂದು ತಿಳಿಸಿದ. ಅದನ್ನು ಕೇಳಿದ ಅಂತಿಯೋಕ್ಯದ ವಿಶ್ವಾಸಿಗಳು ಯೂದಾಯದ ಸಹೋದರರಿಗೆ ಹಣ ಒಟ್ಟುಮಾಡಿ ಕಳಿಸಿದರು. ಆ ಹಣ ಹೋದದ್ದು ಹಸಿದವರಿಗೆ, ಪ್ರವಾದಿಗೆ ಕಾಣಿಕೆಯಾಗಿ ಅಲ್ಲ.

ತಪ್ಪು ಕಲ್ಪನೆ 2: ಬೈಬಲಿನಲ್ಲಿ ಪ್ರವಾದಿನಿಯರು ಬಂದದ್ದು ಯೋಗ್ಯ ಗಂಡಸರು ಸಿಗದಿದ್ದಾಗ ಮಾತ್ರ.

ವಾಸ್ತವ: ಹುಲ್ದಳ ಕಥೆ ಈ ಮಾತನ್ನು ಬುಡಮೇಲು ಮಾಡುತ್ತದೆ. ಕ್ರಿ.ಪೂ. 622ರ ಸುಮಾರಿಗೆ ಯೆರೂಸಲೇಮಿನ ದೇವಾಲಯ ದುರಸ್ತಿಯಾಗುತ್ತಿದ್ದಾಗ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸ ಯೋಷೀಯ ಗಾಬರಿಯಿಂದ ಬಟ್ಟೆ ಹರಿದುಕೊಂಡ. ದೇವರ ಚಿತ್ತವನ್ನು ವಿಚಾರಿಸಿ ಬನ್ನಿ ಎಂದು ಐವರನ್ನು ಕಳಿಸಿದ. ಅವರಲ್ಲಿ ಮಹಾಯಾಜಕ ಹಿಲ್ಕೀಯನೂ ಇದ್ದ. ಆ ಹೊತ್ತಿಗೆ ಯೆರೆಮೀಯ ಪ್ರವಾದಿಯಾಗಿ ಐದು ವರ್ಷ ಕಳೆದಿತ್ತು. ಆದರೂ ಐವರು ನೇರವಾಗಿ ಹೋದದ್ದು ವಸ್ತ್ರಾಗಾರದ ಮೇಲ್ವಿಚಾರಕ ಶಲ್ಲೂಮನ ಹೆಂಡತಿ ಹುಲ್ದಳ ಮನೆಗೆ. ಆಕೆ ಸವಿಮಾತು ಆಡಲಿಲ್ಲ. ಅರಸನೆಂಬ ಬಿರುದನ್ನೂ ಬಳಸದೆ, ನಿಮ್ಮನ್ನು ಕಳಿಸಿದ ಆ ಮನುಷ್ಯನಿಗೆ ಹೇಳಿ ಎಂದೇ ಮಾತು ತೆಗೆದು, ನಾಡಿಗೆ ಬರಲಿರುವ ಕೇಡನ್ನು ತಿಳಿಸಿದಳು. ಯೋಷೀಯ ಇನ್ನೊಬ್ಬ ಪ್ರವಾದಿಯನ್ನು ಕೇಳಿ ಬನ್ನಿ ಎನ್ನಲಿಲ್ಲ. ಪ್ರಜೆಗಳನ್ನೆಲ್ಲ ಕೂಡಿಸಿ ಸುಧಾರಣೆ ಶುರುಮಾಡಿದ.

ಮಿರ್ಯಾಮಳನ್ನು ವಿಮೋಚನಕಾಂಡ ಪ್ರವಾದಿನಿ ಎಂದೇ ಕರೆಯುತ್ತದೆ. ದೆಬೋರಳು ಪ್ರವಾದಿನಿಯಷ್ಟೇ ಅಲ್ಲ, ಜನರ ವ್ಯಾಜ್ಯ ತೀರಿಸುವ ನ್ಯಾಯಸ್ಥಾಪಕಿ.

ತಪ್ಪು ಕಲ್ಪನೆ 3: ಅದೆಲ್ಲ ಹಳೆಯ ಒಡಂಬಡಿಕೆಗೆ ಮುಗಿಯಿತು. ಹೊಸ ಒಡಂಬಡಿಕೆಯ ಸಭೆಯಲ್ಲಿ ಆ ವರ ಗಂಡಸರಿಗೆ ಮಾತ್ರ.

ವಾಸ್ತವ: ಸಭೆ ಹುಟ್ಟಿದ ದಿನವೇ ಇದಕ್ಕೆ ಉತ್ತರ ಸಿಕ್ಕಿದೆ. ಪೆಂತೆಕೋಸ್ತ್ ಹಬ್ಬದಂದು ಪೇತ್ರ ತನ್ನ ಉಪದೇಶಕ್ಕೆ ಆಧಾರವಾಗಿ ಎತ್ತಿಕೊಂಡದ್ದು ಯೋವೇಲನ ಮಾತನ್ನು. ಅದರ ಪ್ರಕಾರ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳೂ ದಾಸರ ಜೊತೆ ದಾಸಿಯರೂ ಪ್ರವಾದಿಸುತ್ತಾರೆ. ಕೈಸರೈಯದಲ್ಲಿ ಸುವಾರ್ತಿಕ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯ ಹೇಳುತ್ತದೆ. ಅದೇ ಮನೆಯಲ್ಲಿ ಪೌಲ ಕೆಲವು ದಿನ ಉಳಿದಿದ್ದ. ಅವರ ಬಾಯಿ ಮುಚ್ಚಿಸಿದ ಸುದ್ದಿ ಅಲ್ಲಿಲ್ಲ.

ಇದಕ್ಕೊಂದು ಆಕ್ಷೇಪವುಂಟು: ಪೌಲನಿಗೆ ಎಚ್ಚರಿಕೆ ಕೊಡಲು ಅದೇ ಮನೆಗೆ ಯೂದಾಯದಿಂದ ಅಗಬ ಬರಬೇಕಾಯಿತು, ಆ ಹೆಣ್ಣುಮಕ್ಕಳ ಒಂದು ಮಾತೂ ದಾಖಲಾಗಿಲ್ಲ. ನಿಜ. ಆದರೆ ಮಾತು ದಾಖಲಾಗಿಲ್ಲ ಎಂಬುದು ಮಾತಾಡಲು ಅಪ್ಪಣೆಯಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅವರು ಪ್ರವಾದಿಸುತ್ತಿದ್ದರೆಂದು ಬರೆದವನೂ ಆ ಗ್ರಂಥದ ಕರ್ತೃ ಲೂಕನೇ.

ತಪ್ಪು ಕಲ್ಪನೆ 4: ಹೆಂಗಸರು ಸಭೆಯಲ್ಲಿ ಬಾಯಿ ಬಿಡಬಾರದೆಂದು ಪೌಲ ಕಡಾಖಂಡಿತವಾಗಿ ಹೇಳಿದ್ದಾನೆ. ಅಲ್ಲಿಗೆ ಮಾತು ಮುಗಿಯಿತು.

ವಾಸ್ತವ: 1 ಕೊರಿಂಥ 14ರ 34 ಮತ್ತು 35ನೇ ವಚನಗಳು ಹಾಗೆ ಹೇಳುತ್ತವೆ, ಇಲ್ಲವೆನ್ನುವಂತಿಲ್ಲ. ಆದರೆ ಅದೇ ಪತ್ರದ 11ನೇ ಅಧ್ಯಾಯದ 5ನೇ ವಚನದಲ್ಲಿ ಪೌಲ, ಪ್ರಾರ್ಥಿಸುವ ಅಥವಾ ಪ್ರವಾದಿಸುವ ಹೆಂಗಸು ತಲೆಗೆ ಮುಸುಕು ಹಾಕಿಕೊಂಡಿರಬೇಕು ಎನ್ನುತ್ತಾನೆ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂದವರು ಒಳಗೆ ಬರಬೇಡಿ ಎಂದಂತಾಗುವುದಿಲ್ಲ. ಪ್ರವಾದಿಸುವುದೇ ನಿಷಿದ್ಧವಾಗಿದ್ದರೆ ಹೇಗೆ ಪ್ರವಾದಿಸಬೇಕೆಂಬ ನಿಯಮ ಯಾಕೆ ಬೇಕಿತ್ತು?

14ನೇ ಅಧ್ಯಾಯದಲ್ಲಿ ಪೌಲ ಸುಮ್ಮನಿರಿ ಎನ್ನುವುದು ಹೆಂಗಸರಿಗಷ್ಟೇ ಅಲ್ಲ, ಮೂರು ಬಗೆಯವರಿಗೆ. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆ ಆಡುವವನು ಸುಮ್ಮನಿರಬೇಕು. ಕೂತಿರುವ ಇನ್ನೊಬ್ಬನಿಗೆ ಪ್ರಕಟಣೆಯಾದರೆ ಮಾತಾಡುತ್ತಿರುವ ಪ್ರವಾದಿ ಸುಮ್ಮನಾಗಬೇಕು. ಮೂರನೆಯದು ಹೆಂಗಸರ ಮಾತು. ಮೊದಲ ಎರಡನ್ನು ಆ ಸಂದರ್ಭಕ್ಕಷ್ಟೇ ಸೀಮಿತವೆಂದು ಓದುತ್ತೇವೆ. ಮೂರನೆಯದನ್ನು ಮಾತ್ರ ಎಲ್ಲ ಕಾಲಕ್ಕೂ ಎಲ್ಲ ಬಾಯಿಗೂ ಬೀಗವೆಂದು ಓದುತ್ತೇವೆ. ತಿಳಿಯಬೇಕಾದದ್ದಿದ್ದರೆ ಮನೆಯಲ್ಲಿ ಗಂಡನನ್ನು ಕೇಳಲಿ ಎಂದು ಮುಂದಿನ ವಚನ ಹೇಳುವುದರಿಂದ, ಸಮಸ್ಯೆ ಆರಾಧನೆಯ ನಡುವೆ ಏಳುತ್ತಿದ್ದ ಪ್ರಶ್ನೆಗಳದ್ದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಬೇರೆ ಓದುಗಳೂ ಇವೆ. ಇಲ್ಲಿ ತಡೆದದ್ದು ಪ್ರವಾದನೆಯನ್ನಲ್ಲ, ಪ್ರವಾದನೆಗಳನ್ನು ಬಹಿರಂಗವಾಗಿ ವಿಮರ್ಶಿಸುವುದನ್ನು ಎನ್ನುವವರಿದ್ದಾರೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು 40ನೇ ವಚನದ ನಂತರ ಬರುವುದರಿಂದ ಇವು ಆಮೇಲೆ ಸೇರಿದವು ಎಂದು ಬೈಬಲ್ ವಿದ್ವಾಂಸ ಗಾರ್ಡನ್ ಫೀ ವಾದಿಸಿದರು. 11ನೇ ಅಧ್ಯಾಯದಲ್ಲಿ ಪೌಲ ಒಪ್ಪಿಗೆ ಕೊಟ್ಟಿಲ್ಲ, ನಿಷೇಧವನ್ನು 14ನೇ ಅಧ್ಯಾಯಕ್ಕೆ ಇಟ್ಟುಕೊಂಡಿದ್ದಾನೆ ಎಂದು 16ನೇ ಶತಮಾನದಲ್ಲೇ ಸುಧಾರಕ ಕ್ಯಾಲ್ವಿನ್ ಬರೆದ. ಯಾವ ಓದು ಸರಿಯೆಂಬ ಚರ್ಚೆ ನಡೆಯಲಿ. 11ನೇ ಅಧ್ಯಾಯಕ್ಕೆ ಉತ್ತರ ಕೊಡದೆ 14ನ್ನು ಮಾತ್ರ ಓದುವುದು ಚರ್ಚೆಯಾಗುವುದಿಲ್ಲ.

ತಪ್ಪು ಕಲ್ಪನೆ 5: ಪ್ರವಾದಿಸಲು ಬಿಟ್ಟರೆ ನಾಳೆ ಪಾಸ್ಟರ್ ಪಟ್ಟವನ್ನೂ ಕೊಡಬೇಕಾಗುತ್ತದೆ.

ವಾಸ್ತವ: ಎರಡೂ ಬೇರೆ ಬೇರೆ ಪ್ರಶ್ನೆಗಳು. 1 ತಿಮೊಥೆಯ 2ನೇ ಅಧ್ಯಾಯದ ತಡೆ ಉಪದೇಶ ಮತ್ತು ಅಧಿಕಾರದ ಬಗ್ಗೆ. ಪ್ರವಾದನೆಯ ಹೆಸರು ಅಲ್ಲಿಲ್ಲ. ಹೆಂಗಸರು ಸಭೆಯ ಹಿರಿಯರಾಗಬಾರದೆಂದು ಗಟ್ಟಿಯಾಗಿ ವಾದಿಸುವ ಅಮೆರಿಕದ ದೇವತಾಶಾಸ್ತ್ರಜ್ಞ ವೇನ್ ಗ್ರೂಡೆಮ್ ಕೂಡ, ಅವರು ಪ್ರವಾದಿಸಬಹುದೆಂದು ಒಪ್ಪುತ್ತಾರೆ. ಕಥೋಲಿಕ ಸಭೆ ಹೆಂಗಸರಿಗೆ ಗುರುದೀಕ್ಷೆ ಕೊಡುವುದಿಲ್ಲ. ಆದರೆ ದರ್ಶನಗಳನ್ನು ಬರೆದಿಟ್ಟ ಜರ್ಮನಿಯ ಸನ್ಯಾಸಿನಿ ಬಿಂಗೆನ್‌ನ ಹಿಲ್ಡೆಗಾರ್ಡ್‌ಗೆ 2012ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಗೌರವ ಕೊಟ್ಟಿತು. ಸಿಎಸ್‌ಐ ಎರಡನ್ನೂ ಒಪ್ಪಿದೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಇ. ಪುಷ್ಪಲಲಿತಾ ಅದರ ಮೊದಲ ಮಹಿಳಾ ಬಿಷಪ್ ಆದರು. ಪಟ್ಟದ ಬಗ್ಗೆ ನಮ್ಮ ಸಭೆಯ ನಿಲುವು ಏನೇ ಇರಲಿ, ಅದನ್ನು ಪ್ರವಾದನೆಗೆ ಅಡ್ಡ ಹಾಕುವ ಅಗತ್ಯವಿಲ್ಲ.

ತಪ್ಪು ಕಲ್ಪನೆ 6: ಹೆಂಗಸರು ಬೇಗ ಮೋಸಹೋಗುತ್ತಾರೆ. ಸುಳ್ಳು ಪ್ರವಾದನೆ ಹುಟ್ಟುವುದೇ ಅವರಿಂದ.

ವಾಸ್ತವ: ಲೆಕ್ಕಕ್ಕೇ ಕೂತರೆ ಬೈಬಲಿನಲ್ಲಿ ಸುಳ್ಳಾಡಿದ ಗಂಡಸರೇ ಹೆಚ್ಚು. ಅರಸ ಅಹಾಬನ ಮುಂದೆ ಸುಮಾರು 400 ಪ್ರವಾದಿಗಳು ಒಂದೇ ದನಿಯಲ್ಲಿ ಗೆಲುವು ನಿನ್ನದೇ ಎಂದರು. ಅಹಾಬ ಯುದ್ಧದಲ್ಲಿ ಸತ್ತ. ಯೆಹೆಜ್ಕೇಲನ 13ನೇ ಅಧ್ಯಾಯ ಸ್ವಂತ ಮನಸ್ಸಿನಿಂದ ಪ್ರವಾದಿಸುವ ಹೆಂಗಸರನ್ನು ಖಂಡಿಸುತ್ತದೆ, ಆದರೆ ಅದಕ್ಕೂ ಮೊದಲು ಅದೇ ತಪ್ಪಿಗೆ ಗಂಡಸರನ್ನು ಖಂಡಿಸುತ್ತದೆ. ಪ್ರಕಟನೆಯಲ್ಲಿ ಬರುವ, ಪ್ರವಾದಿನಿ ಎಂದು ಹೇಳಿಕೊಂಡ ಥುವತೈರದ ಈಜೆಬೆಲಳ ಮೇಲಿನ ದೂರು ಆಕೆ ಜನರನ್ನು ಜಾರತ್ವಕ್ಕೂ ವಿಗ್ರಹಕ್ಕಿಟ್ಟ ನೈವೇದ್ಯ ತಿನ್ನುವುದಕ್ಕೂ ಎಳೆದಳು ಎಂಬುದು. ಹೆಣ್ಣಾಗಿ ಮಾತಾಡಿದಳು ಎಂಬುದಲ್ಲ.

2ನೇ ಶತಮಾನದಲ್ಲಿ ಫ್ರುಗ್ಯದಲ್ಲಿ ಮೊಂಟಾನಸ್ ಎಂಬವನ ಜೊತೆ ಪ್ರಿಸ್ಕಿಲ್ಲಾ, ಮ್ಯಾಕ್ಸಿಮಿಲ್ಲಾ ಎಂಬ ಇಬ್ಬರು ಹೆಂಗಸರು ಪ್ರವಾದಿಸಿದರು. ಸಭೆ ಆ ಪಂಗಡವನ್ನು ತಿರಸ್ಕರಿಸಿತು. ಹೆಂಗಸರಿಗೆ ಸಲಿಗೆ ಕೊಟ್ಟರೆ ಹೀಗೇ ಎಂಬುದಕ್ಕೆ ಈ ಉದಾಹರಣೆ ಈಗಲೂ ಬಳಕೆಯಲ್ಲಿದೆ. ಆದರೆ ಅವರ ವಿರುದ್ಧ ಬರೆದವನೊಬ್ಬನ ವಾದವನ್ನು ಇತಿಹಾಸಕಾರ ಯುಸೇಬಿಯಸ್ ಉಳಿಸಿಟ್ಟಿದ್ದಾನೆ. ಮೈಮರೆತು ಉನ್ಮಾದದಲ್ಲಿ ಮಾತಾಡುವುದು ನಿಜವಾದ ಪ್ರವಾದಿಗಳ ರೀತಿಯಲ್ಲ ಎಂಬುದು ಅವನ ದೂರು. ನಿಜವಾದ ಪ್ರವಾದಿಗಳ ಪಟ್ಟಿಯಲ್ಲಿ ಅವನು ಅಗಬನ ಜೊತೆಗೆ ಫಿಲಿಪ್ಪನ ಹೆಣ್ಣುಮಕ್ಕಳನ್ನೂ ಫಿಲದೆಲ್ಫಿಯದ ಅಮ್ಮಿಯಾ ಎಂಬಾಕೆಯನ್ನೂ ಸೇರಿಸುತ್ತಾನೆ. ಅಂದರೆ ಮೊಂಟಾನಸ್‌ನ ವಿರೋಧಿಗಳಿಗೂ ಹೆಣ್ಣು ಪ್ರವಾದಿಸುವುದು ಅಪರಾಧವೆನಿಸಿರಲಿಲ್ಲ.

ತಪ್ಪು ಕಲ್ಪನೆ 7: ತಿಂಗಳ ಆ ದಿನಗಳಲ್ಲಿ ಹೆಂಗಸು ವೇದಿಕೆ ಹತ್ತಬಾರದು. ಪವಿತ್ರಾತ್ಮ ಆಕೆಯಿಂದ ದೂರ ಇರುತ್ತಾನೆ.

ವಾಸ್ತವ: ಯಾರೂ ಗಟ್ಟಿಯಾಗಿ ಹೇಳುವುದಿಲ್ಲ; ಆದರೂ ಎಷ್ಟೋ ಕಡೆ ನಡೆದುಕೊಂಡು ಬಂದಿದೆ. ಯಾಜಕಕಾಂಡದ ಮಡಿಯ ನಿಯಮಗಳು ದೇವದರ್ಶನದ ಗುಡಾರ, ದೇವಾಲಯಗಳ ಕಾಲದವು, ಮತ್ತು ಅವು ಗಂಡಸಿನ ಸ್ರಾವಕ್ಕೂ ಅನ್ವಯಿಸುತ್ತಿದ್ದವು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಬಟ್ಟೆ ಮುಟ್ಟಿದಾಗ ಯೇಸು ಮೈಲಿಗೆಯಾಯಿತೆನ್ನಲಿಲ್ಲ, ಮಗಳೇ ಎಂದು ಕರೆದ. 3ನೇ ಶತಮಾನದ ಸಿರಿಯಾ ಸೀಮೆಯ ‘ಡಿಡಾಸ್ಕಾಲಿಯಾ’ ಗ್ರಂಥ ಇದೇ ಭಯವಿದ್ದ ಹೆಂಗಸರಿಗೆ, ಪವಿತ್ರಾತ್ಮ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ಪ್ರಾರ್ಥನೆ ನಿಲ್ಲಿಸಬೇಡಿ ಎಂದು ಬುದ್ಧಿ ಹೇಳಿದೆ. ಬೇರೆ ರೀತಿ ಹೇಳಿದ ಬಿಷಪರೂ ಆಗ ಇದ್ದರು. ಆದರೆ ಈ ನಂಬಿಕೆಗೆ ಸಭೆಯೊಳಗಿಂದಲೇ ಉತ್ತರ ಬಂದು ಶತಮಾನಗಳೇ ಕಳೆದಿವೆ.

ತಪ್ಪು ಕಲ್ಪನೆ 8: ಇದು ಇತ್ತೀಚೆಗೆ ಪಶ್ಚಿಮದಿಂದ ಬೀಸಿದ ಗಾಳಿ. ಸ್ತ್ರೀವಾದದ ಪ್ರಭಾವ.

ವಾಸ್ತವ: ಅಮ್ಮಿಯಾ 2ನೇ ಶತಮಾನದವಳು, ಹಿಲ್ಡೆಗಾರ್ಡ್ 12ನೇ ಶತಮಾನದವರು. ಹೆಂಗಸರು ಸಭೆಯಲ್ಲಿ ಮಾತಾಡುವುದನ್ನು ಬೈಬಲಿನಿಂದಲೇ ಸಮರ್ಥಿಸಿ ಕ್ವೇಕರ್ ಪಂಥದ ಮಾರ್ಗರೆಟ್ ಫೆಲ್ ಪುಸ್ತಕ ಬರೆದದ್ದು 1666ರಲ್ಲಿ.

ನಮ್ಮ ನೆಲದ ಉದಾಹರಣೆಯೂ ಇದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಹತ್ತಿರದ ಕೇಡಗಾವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಅಲ್ಲಿ ಆಶ್ರಯ ಪಡೆದ ವಿಧವೆಯರು, ಅನಾಥ ಹುಡುಗಿಯರ ನಡುವೆ 1905ರಲ್ಲಿ ದೊಡ್ಡ ಉಜ್ಜೀವನವಾಯಿತು. ಹುಡುಗಿಯರ ತಂಡಗಳು ಪ್ರಾರ್ಥಿಸುತ್ತ ಹಳ್ಳಿಹಳ್ಳಿಗೆ ಸುವಾರ್ತೆಗೆ ಹೊರಟವು. ಪೆಂತೆಕೋಸ್ತ್ ಚಳವಳಿಯ ತವರೆನ್ನುವ ಲಾಸ್ ಏಂಜಲೀಸಿನ ಅಜುಸಾ ಬೀದಿಯ ಕೂಟಗಳು ಶುರುವಾದದ್ದು ಅದರ ಮರುವರ್ಷ. ಮುಕ್ತಿಯ ಸುದ್ದಿಯನ್ನು ಅಲ್ಲಿ ದುಡಿಯುತ್ತಿದ್ದ ಮಿನಿ ಏಬ್ರಮ್ಸ್ ಪುಸ್ತಕವಾಗಿ ಬರೆದರು. ಅದು ಚಿಲಿ ದೇಶಕ್ಕೆ ತಲುಪಿ ಅಲ್ಲಿ 1909ರ ಉಜ್ಜೀವನಕ್ಕೆ ಪ್ರೇರಣೆಯಾಯಿತು. ಗಾಳಿ ಬೀಸಿದ್ದು ಇಲ್ಲಿಂದ ಅತ್ತ.

ತಪ್ಪು ಕಲ್ಪನೆ 9: ಪ್ರವಾದನೆಯ ವರವೇ ನಿಂತುಹೋಗಿದೆ. ಹಾಗಾಗಿ ಹೆಂಗಸರು ಹೇಳುವಂತಿಲ್ಲ.

ವಾಸ್ತವ: ಇಲ್ಲಿ ಮೊದಲ ವಾಕ್ಯ ಗೌರವಕ್ಕೆ ಯೋಗ್ಯವಾದ ನಿಲುವು. ಅಪೊಸ್ತಲರ ಕಾಲ ಮುಗಿದು ಬೈಬಲ್ ಪೂರ್ಣವಾದ ಮೇಲೆ ಆ ವರದ ಕೆಲಸ ತೀರಿತು ಎಂದು ಸುಧಾರಿತ ಪರಂಪರೆಯ ಹಲವರು ನಂಬುತ್ತಾರೆ. ಆ ಪರಂಪರೆಯ ದೇವತಾಶಾಸ್ತ್ರಜ್ಞ ಬಿ. ಬಿ. ವಾರ್‌ಫೀಲ್ಡ್ 1918ರಲ್ಲಿ ಇಂಥ ವರಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಎದುರು ಪಕ್ಷದವರು 1 ಕೊರಿಂಥ 13ನ್ನು ತೋರಿಸಿ, ಕ್ರಿಸ್ತನನ್ನು ಮುಖಾಮುಖಿ ಕಾಣುವ ದಿನದವರೆಗೂ ವರ ಇರುತ್ತದೆ ಎನ್ನುತ್ತಾರೆ. ಪ್ರಾಮಾಣಿಕ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ. ಆದರೆ ವರ ನಿಂತಿದ್ದರೆ ಗಂಡಸರಿಗೂ ನಿಂತಿದೆ. ಪ್ರವಾದಿಯೆಂದು ಬ್ಯಾನರ್ ಕಟ್ಟಿಸಿಕೊಂಡ ಗಂಡಸನ್ನು ಕರೆಸಿ ಕೂಟ ಮಾಡಿ, ಹೆಂಗಸು ಎದ್ದಾಗ ಮಾತ್ರ ಈ ವಾದ ತೆಗೆಯುವುದು ನ್ಯಾಯವಲ್ಲ.

ತಪ್ಪು ಕಲ್ಪನೆ 10: ದೇವರ ಹೆಸರಿನಲ್ಲಿ ಹೇಳಿದ್ದನ್ನು ಪ್ರಶ್ನಿಸಿದರೆ ಶಾಪ ತಟ್ಟುತ್ತದೆ.

ವಾಸ್ತವ: ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದೇ. ಅಭಿಷಿಕ್ತರನ್ನು ಮುಟ್ಟಬಾರದೆಂಬ ಕೀರ್ತನೆ 105ರ ಮಾತು ಅಲೆಮಾರಿಗಳಾಗಿದ್ದ ಪಿತೃಗಳನ್ನು ಅರಸರು ಪೀಡಿಸದಂತೆ ಹೇಳಿದ್ದು, ವೇದಿಕೆಯ ಮೇಲಿರುವವರನ್ನು ಪ್ರಶ್ನಿಸದಂತೆ ಅಲ್ಲ. ಪೌಲನ ಆಜ್ಞೆ ನೇರವಾಗಿದೆ: ಇಬ್ಬರು ಮೂವರು ಪ್ರವಾದಿಸಲಿ, ಉಳಿದವರು ವಿವೇಚಿಸಲಿ. ಮೈಮೇಲೆ ಬಂದಿತ್ತು, ತಡೆಯಲಾಗಲಿಲ್ಲ ಎಂಬ ನೆಪಕ್ಕೂ ಅಲ್ಲಿ ಜಾಗವಿಲ್ಲ. ಪ್ರವಾದಿಯ ಆತ್ಮ ಪ್ರವಾದಿಯ ಹತೋಟಿಯಲ್ಲೇ ಇರುತ್ತದೆಂದು ಅದೇ ಅಧ್ಯಾಯ ಹೇಳುತ್ತದೆ.

3ನೇ ಶತಮಾನದ ಆರಂಭದಲ್ಲಿ, ಮೊಂಟಾನಸ್‌ನ ಪಂಗಡದತ್ತ ಒಲಿದಿದ್ದ ಕಾರ್ಥೇಜಿನ ತೆರ್ತುಲಿಯನ್ ತಮ್ಮಲ್ಲಿದ್ದ ಒಬ್ಬ ಸಹೋದರಿಯ ಬಗ್ಗೆ ಬರೆದಿದ್ದಾನೆ. ಆಕೆಗೆ ಆರಾಧನೆಯ ಹೊತ್ತಿನಲ್ಲೇ ದರ್ಶನಗಳಾಗುತ್ತಿದ್ದವು. ಆರಾಧನೆ ಮುಗಿದು ಜನ ಚದುರಿದ ಮೇಲೆ ಕಂಡದ್ದನ್ನು ಹೇಳುತ್ತಿದ್ದಳು. ಅದನ್ನು ಜಾಗರೂಕತೆಯಿಂದ ಬರೆದುಕೊಂಡು ಪರೀಕ್ಷಿಸುತ್ತಿದ್ದರು. ಪಂಗಡದ ತಕರಾರು ಏನೇ ಇರಲಿ, ಈ ಎರಡು ರೂಢಿಗಳು ನಮಗೂ ಬೇಕು: ಆಕೆಗೆ ಹೇಳಲು ಅವಕಾಶ ಕೊಡುವುದು, ಹೇಳಿದ್ದನ್ನು ಪರೀಕ್ಷಿಸುವುದು.

ಆದ್ದರಿಂದ ಹೇಳಿದ್ದು ವಾಕ್ಯಕ್ಕೆ ಒಪ್ಪುತ್ತದೆಯೇ, ಕೇಳಿದವರಿಗೆ ಬಲ ಬಂದಿತೇ ಇಲ್ಲ ಭಯ ಹುಟ್ಟಿತೇ, ಹೇಳಿದವರು ಹಣ ಕೇಳಿದರೇ, ಪರೀಕ್ಷೆಗೆ ಒಪ್ಪಿದರೇ ಎಂದು ನೋಡಿ. ಸೀರೆಯೋ ಶರ್ಟೋ ಎಂಬುದು ಈ ಪರೀಕ್ಷೆಯಲ್ಲಿ ಬರುವುದಿಲ್ಲ. ಮುಂದಿನ ಸಲ ಈ ವಾದ ಎದ್ದಾಗ ಒಂದು ವಚನ ಓದಿ ಪುಸ್ತಕ ಮುಚ್ಚಬೇಡಿ. 1 ಕೊರಿಂಥದ 11ರಿಂದ 14ನೇ ಅಧ್ಯಾಯದವರೆಗೆ ಪೂರ್ತಿ ಓದಿ, ಮಾತು ಆಮೇಲೆ.